ಹೊರನಾಡಿನಲ್ಲಿ ಹುಟ್ಟಿದ ಮಗುವಿನ ಪೌರತ್ವ: ಧಾರವಾಡ ಸೀಮೆಯ ಇತಿಹಾಸದಿಂದ ಕೆಲವು ಸಂಗತಿಗಳು

ಭಾರತದ ಪೌರತ್ವ ಕಾಯಿದೆಯು 1955ನೆಯ ಇಸವಿಯ ಡಿಸೆಂಬರ್ 30ರಂದು ಜಾರಿಗೆ ಬಂದಿತು. ಅದರ 4ನೆಯ ಕಲಮು ವಂಶಾನ್ವಯದಿಂದ ಬರುವ ಪೌರತ್ವವನ್ನು ಕುರಿತದ್ದು. 1950ನೆಯ ಜನವರಿ 26ರಂದು ಅಥವಾ ಆ ಬಳಿಕ ಭಾರತದ ಹೊರಗೆ ಹುಟ್ಟಿದ ಶಿಶುವು, ಅದರ ಜನನಕಾಲದಲ್ಲಿ ತಂದೆಯು ಭಾರತದ ಪೌರನಾಗಿದ್ದರೆ, ತಾನೂ ಪೌರನೆನಿಸುವುದೆಂದು ಆ ಕಲಮು ಮೂಲದಲ್ಲಿ ವಿಧಿಸಿತ್ತು. ತಾಯಿಯ ಮಾತು ಅಲ್ಲಿ ಇರಲಿಲ್ಲ. 1992ರ ತಿದ್ದುಪಡಿಯ ತರುವಾಯ, ಆ ವರ್ಷದ ಡಿಸೆಂಬರ್ 10ರಿಂದ ಮುಂದೆ ಹುಟ್ಟಿದವರ ಮಟ್ಟಿಗೆ, ತಂದೆ ತಾಯಿಗಳಲ್ಲಿ ಯಾರೊಬ್ಬರು ಪೌರರಾಗಿದ್ದರೂ ಸಾಕೆಂದಾಯಿತು. ನಮ್ಮ ಪಠ್ಯಪುಸ್ತಕಗಳು ಈ ತಿದ್ದುಪಡಿಯನ್ನು ತಾಯಿಗೆ ಹೊಸದಾಗಿ ದೊರೆತ ಹಕ್ಕೆಂದು ವರ್ಣಿಸುವುದು ವಾಡಿಕೆ. ಈ ವರ್ಣನೆ ಸರಿಯಲ್ಲವೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. 1949ರಲ್ಲಿ ಸಂವಿಧಾನವೇ ತಾಯಿಯನ್ನೂ ಅಜ್ಜಅಜ್ಜಿಯರನ್ನೂ ಲೆಕ್ಕಕ್ಕೆ ಹಿಡಿದಿತ್ತು. 1955ರ ಕಾಯಿದೆಯು ಅವರನ್ನು ಕೈಬಿಟ್ಟಿತು. 1992ರಲ್ಲಿ ತಾಯಿ ಮಾತ್ರ ಮರಳಿ ಬಂದಳು. ಈ ಮಾತಿನ ಅರ್ಥವು ಮನದಟ್ಟಾಗಬೇಕಾದರೆ ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿ-ಧಾರವಾಡಗಳ ಸುತ್ತಣ ನೆಲದ ಹಳೆಯ ಗಡಿಗಳನ್ನು ಒಮ್ಮೆ ನೋಡಿದರೆ ಸಾಕು.

1818ರಲ್ಲಿ ಪೇಶ್ವೆಯ ಆಳಿಕೆ ಕೊನೆಗೊಂಡ ಮೇಲೆ ಧಾರವಾಡ ಮತ್ತು ಹುಬ್ಬಳ್ಳಿಗಳು ನೇರವಾಗಿ ಬ್ರಿಟಿಷ್ ಆಡಳಿತಕ್ಕೆ ಸೇರಿ ಮುಂಬಯಿ ಇಲಾಖೆಯಲ್ಲಿ ಉಳಿದುವು. ಆದರೆ ಅವುಗಳ ಸುತ್ತಲಿನ ಸೀಮೆಯು ತೇಪೆ ಹಚ್ಚಿದ ಕೌದಿಯಂತಿತ್ತು. ಕುಂದಗೋಳವು ಜಮಖಂಡಿಯ ಪಟವರ್ಧನರದು, ಶಿರಹಟ್ಟಿಯು ಸಾಂಗ್ಲಿಯದು, ಲಕ್ಷ್ಮೇಶ್ವರವು ಮೀರಜದ ಹಿರಿಯ ಶಾಖೆಯದು, ಸವಣೂರಿನಲ್ಲಿ ನವಾಬರು. ಮೂಡಲಿಗೆ ಕೊಪ್ಪಳದತ್ತ ಸಾಗಿದರೆ ನಿಜಾಮನ ಸೀಮೆ. ಪಡುವಲಿಗೆ ಲೋಂಡಾ ದಾಟಿ ಕ್ಯಾಸಲ್‌ರಾಕ್ ನಿಲ್ದಾಣದಾಚೆ ಪೋರ್ತುಗೀಜರ ಗೋವೆ. ಇವು ಕಂದಾಯದ ಗಡಿಗಳೆಂದು ಮಾತ್ರ ನಾವು ಓದುತ್ತೇವೆ. ಅವು ಪ್ರಜಾತ್ವದ ಗಡಿಗಳೂ ಆಗಿದ್ದುವೆಂಬುದು ಎಷ್ಟೋ ವೇಳೆ ಮರೆತುಹೋಗುತ್ತದೆ.

ಅಂದಿನ ಇಂಗ್ಲಿಷ್ ಕಾನೂನಿನ ಪ್ರಕಾರ ಹುಬ್ಬಳ್ಳಿಯಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ. ಕುಂದಗೋಳದಲ್ಲಿ ಹುಟ್ಟಿದ ಜಮಖಂಡಿಯ ಪ್ರಜೆಯು ಹಾಗಲ್ಲ. ಅವನು ತನ್ನ ಸಂಸ್ಥಾನಿಕನ ಪ್ರಜೆ, ಸಮುದ್ರ ದಾಟುವಾಗ ಕೇವಲ ‘ಬ್ರಿಟಿಷ್ ರಕ್ಷಣೆಗೆ ಒಳಪಟ್ಟ ವ್ಯಕ್ತಿ’. ಈ ಎರಡು ಊರುಗಳ ನಡುವೆ ಇರುವ ಅಂತರ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಸಂಗೀತ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಆ ಪ್ರತಿಯೊಂದು ಪಯಣದಲ್ಲಿಯೂ ಅವರು ಒಂದು ಪ್ರಜಾತ್ವದ ನೆಲದಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆಂಬುದನ್ನು ಮಾತ್ರ ಯಾರೂ ಗಮನಿಸಿದಂತೆ ಕಾಣದು. ಗಮನಿಸಬೇಕಾದ ಕಾರಣವೂ ಇರಲಿಲ್ಲವೆನ್ನಿ. ಊರಲ್ಲೇ ಉಳಿದವನಿಗೆ ಈ ಭೇದ ತಟ್ಟುತ್ತಿರಲಿಲ್ಲ. ಅದು ತಟ್ಟುತ್ತಿದ್ದುದು ಹೊರನಾಡಿಗೆ ಹೋದವನಿಗೆ, ಅವನಿಗಿಂತ ಹೆಚ್ಚಾಗಿ ಅಲ್ಲಿ ಹುಟ್ಟಿದ ಅವನ ಮಗುವಿಗೆ.

1914ರ ಬ್ರಿಟಿಷ್ ಪ್ರಜಾತ್ವ ಕಾಯಿದೆಯು ವಂಶಾನ್ವಯದ ನಿಯಮವನ್ನು ಹೀಗೆ ಗೊತ್ತುಪಡಿಸಿತು: ಸಾಮ್ರಾಜ್ಯದ ಹೊರಗೆ ಹುಟ್ಟಿದ ಮಗುವಿನ ತಂದೆಯು ಬ್ರಿಟಿಷ್ ಪ್ರಜೆಯಾಗಿದ್ದು, ತಾನು ಸಾಮ್ರಾಜ್ಯದೊಳಗೆ ಹುಟ್ಟಿದವನಾಗಿದ್ದರೆ, ಮಗುವೂ ಹುಟ್ಟು ಪ್ರಜೆ. ಹಕ್ಕು ಒಂದು ತಲೆಮಾರಿಗೆ ನಿಲ್ಲುತ್ತಿತ್ತು. 1922ರ ತಿದ್ದುಪಡಿಯು ಅದನ್ನು ಮುಂದಿನ ತಲೆಮಾರುಗಳಿಗೂ ಚಾಚಿತು; ಆದರೆ ಜನನವನ್ನು ಒಂದು ವರ್ಷದೊಳಗೆ ಬ್ರಿಟಿಷ್ ಕಾನ್ಸಲ್ ಕಚೇರಿಯಲ್ಲಿ ನೋಂದಾಯಿಸಬೇಕು, ಮಗುವು ಪ್ರಾಪ್ತವಯಸ್ಕನಾದ ಮೇಲೆ ತನ್ನ ಪ್ರಜಾತ್ವವನ್ನು ತಾನೇ ಘೋಷಿಸಿ ಉಳಿಸಿಕೊಳ್ಳಬೇಕು ಎಂಬ ಕರಾರುಗಳನ್ನು ಹಾಕಿತು. ಇಲ್ಲೆಲ್ಲ ತಂದೆಯದೇ ಮಾತು. ತಾಯಿಯ ಸ್ಥಿತಿಯಂತೂ ಇನ್ನೂ ವಿಚಿತ್ರ. ಪರದೇಶದ ಪ್ರಜೆಯನ್ನು ಮದುವೆಯಾದ ಬ್ರಿಟಿಷ್ ಪ್ರಜೆಯಾದ ಹೆಂಗಸು ಅದೇ ಕಾಯಿದೆಯಂತೆ ತಾನೇ ಪರದೇಶದವಳಾಗುತ್ತಿದ್ದಳು. 1933ರಲ್ಲಿ ಇದನ್ನು ಕೊಂಚ ಸಡಿಲಿಸಿ, ಗಂಡನ ಪ್ರಜಾತ್ವವು ಅವಳಿಗೆ ದೊರೆತರೆ ಮಾತ್ರ ಅವಳದು ಹೋಗುವುದೆಂದು ಮಾಡಲಾಯಿತು.

ಈ ಕಾನೂನನ್ನು ನಮ್ಮ ಸೀಮೆಯ ಒಂದು ಹಳೆಯ ಪದ್ಧತಿಯ ಪಕ್ಕದಲ್ಲಿಟ್ಟು ನೋಡಬೇಕು. ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗಬೇಕೆಂಬುದು ಇಲ್ಲಿ ಜಾತಿ ಮತಗಳ ಭೇದವಿಲ್ಲದೆ ಬಹುಮಟ್ಟಿಗೆ ಎಲ್ಲರೂ ಪಾಲಿಸುತ್ತ ಬಂದ ರೂಢಿ. ಹುಟ್ಟಿದ ಸ್ಥಳದಿಂದ ಪ್ರಜಾತ್ವವನ್ನು ನಿರ್ಣಯಿಸುವ ಕಾನೂನು ಇರುವಲ್ಲಿ ಈ ರೂಢಿಯ ಫಲವೇನು? ಕುಂದಗೋಳದವನಿಗೆ ಹುಬ್ಬಳ್ಳಿಯ ಹೆಣ್ಣನ್ನು ಕೊಟ್ಟಿದ್ದರೆ ಮೊದಲ ಮಗು ಹುಬ್ಬಳ್ಳಿಯಲ್ಲಿ ಹುಟ್ಟಿ ಬ್ರಿಟಿಷ್ ಪ್ರಜೆಯಾಗುತ್ತಿತ್ತು; ಗಂಡನ ಮನೆಯಲ್ಲಿ ಹುಟ್ಟಿದ ಮುಂದಿನ ಮಗು ಜಮಖಂಡಿಯ ಪ್ರಜೆ. ಒಂದೇ ತಾಯಿಯ ಮಕ್ಕಳು, ಒಂದೇ ತಂದೆಯ ಮಕ್ಕಳು. ಮುಂದೆ ಈ ಅಣ್ಣತಮ್ಮಂದಿರಿಬ್ಬರೂ ಹೊಟ್ಟೆಪಾಡಿಗಾಗಿ ಗೋವೆಗೆ ಹೋಗಿ ಅಲ್ಲಿಯೇ ಸಂಸಾರ ಹೂಡಿದರೆ, ಅಣ್ಣನ ಮಕ್ಕಳಿಗೆ 1914ರ ಕಾಯಿದೆಯ ವಂಶಾನ್ವಯದ ಹಕ್ಕು ಉಂಟು, ತಮ್ಮನ ಮಕ್ಕಳಿಗೆ ಇಲ್ಲ. ಅಜ್ಜಿಯ ತವರೂರು ಯಾವುದೆಂಬುದು ಮೊಮ್ಮಕ್ಕಳ ಪ್ರಜಾತ್ವವನ್ನು ಗುಟ್ಟಾಗಿ ನಿರ್ಧರಿಸುತ್ತಿತ್ತು. ಕಾನೂನಿನ ಪುಸ್ತಕವು ಮಾತ್ರ ತಂದೆಯ ಹೆಸರನ್ನೇ ಹೇಳುತ್ತಿತ್ತು.

ಗೋವೆಯ ಗಡಿಯಲ್ಲಿ ಈ ತೊಡಕು ಇನ್ನೂ ಬಿಗಿಯಾಗುತ್ತದೆ. 1880ರ ದಶಕದ ಕೊನೆಯಲ್ಲಿ ಮರ್ಮಾಗೋವೆಯ ಬಂದರಿನಿಂದ ಘಟ್ಟವೇರಿ ಬಂದ ಪೋರ್ತುಗೀಜ ರೈಲುದಾರಿಯು ಕ್ಯಾಸಲ್‌ರಾಕಿನಲ್ಲಿ ಸದರ್ನ್ ಮರಾಠಾ ರೈಲ್ವೆಯೊಡನೆ ಕೂಡಿಕೊಂಡಿತು. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಿಂದ ಆ ಪೋರ್ತುಗೀಜ ದಾರಿಯ ಆಡಳಿತವೂ ಇದೇ ಕಂಪನಿಯ ಕೈಗೆ ಬಂದು, 1908ರ ಅನಂತರ ಮದರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯ ಹೆಸರಿನಲ್ಲಿ ಮುಂದುವರಿಯಿತು. ಹುಬ್ಬಳ್ಳಿಯ ಕಾರ್ಖಾನೆಯನ್ನು ನೆಚ್ಚಿಕೊಂಡ ರೈಲ್ವೆ ನೌಕರರ ಲೋಕವು ಹೀಗೆ ಗಡಿಯಾಚೆಗೂ ಹಬ್ಬಿತು. ಇತ್ತ ಕಾರವಾರ, ಅಂಕೋಲೆಗಳ ಸಾರಸ್ವತ ಮತ್ತು ಕ್ರೈಸ್ತ ಮನೆತನಗಳಿಗೂ ಗೋವೆಗೂ ಹೆಣ್ಣು ಕೊಟ್ಟು ತರುವ ಸಂಬಂಧವು ರೈಲಿಗಿಂತ ಎಷ್ಟೋ ಹಳೆಯದು.

ಕಾರವಾರದ ಮಗಳೊಬ್ಬಳು ಮಡಗಾವಿಯ ಮನೆಗೆ ಸೊಸೆಯಾಗಿ ಹೋದಳೆಂದು ಭಾವಿಸೋಣ. ಪೋರ್ತುಗೀಜ ಕಾನೂನು ಆ ವಿವಾಹವನ್ನು ಮಾನ್ಯಮಾಡಿದ್ದ ಪಕ್ಷದಲ್ಲಿ ಅವಳಿಗೆ ಗಂಡನ ಪ್ರಜಾತ್ವ ಬರುತ್ತಿತ್ತು. ಬ್ರಿಟಿಷ್ ಪ್ರಜಾತ್ವ ಹೋಗುತ್ತಿತ್ತು. ಚೊಚ್ಚಲ ಹೆರಿಗೆಗೆಂದು ಕಾರವಾರಕ್ಕೆ ಮರಳಿದಾಗ, ತಾನು ಆಡಿ ಬೆಳೆದ ಮನೆಯಲ್ಲಿ ಅವಳು ಕಾನೂನಿನ ಕಣ್ಣಿಗೆ ಪರದೇಶದವಳು. ಅವಳ ಮಡಿಲಿನ ಕೂಸು ಮಾತ್ರ ಆ ನೆಲದ ಹುಟ್ಟು ಪ್ರಜೆ. ಎರಡನೆಯ ಕೂಸು ಮಡಗಾವಿಯಲ್ಲಿ ಹುಟ್ಟಿದರೆ ಅದಕ್ಕೆ ಬ್ರಿಟಿಷ್ ಭಾರತದೊಡನೆ ಯಾವ ಬಗೆಯ ಕಾನೂನಿನ ಸಂಬಂಧವೂ ಇಲ್ಲ. ಇದಕ್ಕೆ ಪ್ರತಿಯಾಗಿ, ಗೋವೆಯ ಹೆಣ್ಣನ್ನು ತಂದ ಹುಬ್ಬಳ್ಳಿಯವನ ಚೊಚ್ಚಲ ಮಗು ಗೋವೆಯಲ್ಲಿ ಹುಟ್ಟಿದರೂ ತಂದೆಯ ದೆಸೆಯಿಂದ ಬ್ರಿಟಿಷ್ ಪ್ರಜೆಯಾಗಿಯೇ ಉಳಿಯುತ್ತಿತ್ತು. ಒಂದೇ ಗಡಿ, ಒಂದೇ ರೂಢಿ. ಕೊಟ್ಟ ಹೆಣ್ಣಿಗೊಂದು ನ್ಯಾಯ, ತಂದ ಹೆಣ್ಣಿಗೊಂದು ನ್ಯಾಯ.

ಇಂಥ ಪರಂಪರೆಯಿಂದ ಬಂದವರು 1949ರಲ್ಲಿ ಸಂವಿಧಾನವನ್ನು ರಚಿಸಲು ಕುಳಿತಿದ್ದರು. ಪೌರತ್ವದ ಅನುಚ್ಛೇದಗಳು ಕರಡು ಸಮಿತಿಗೆ ಎಷ್ಟು ತಲೆನೋವು ತಂದುವೆಂಬುದನ್ನು ಡಾ. ಅಂಬೇಡಕರರು ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಸಭೆಯ ಮುಂದೆ ಒಪ್ಪಿಕೊಂಡರು. ಚರ್ಚೆಯ ಬಹುಪಾಲು ದೇಶವಿಭಜನೆಯನ್ನು ಕುರಿತೇ ನಡೆಯಿತು. ನಮಗೆ ಇಲ್ಲಿ ಬೇಕಾದುದು 8ನೆಯ ಅನುಚ್ಛೇದ. ತಾನಾಗಲಿ, ತನ್ನ ತಂದೆ ತಾಯಿಗಳಲ್ಲೊಬ್ಬರಾಗಲಿ, ಅಜ್ಜಅಜ್ಜಿಯರಲ್ಲೊಬ್ಬರಾಗಲಿ 1935ರ ಕಾಯಿದೆಯಲ್ಲಿ ವಿವರಿಸಿದ ‘ಇಂಡಿಯಾ’ದಲ್ಲಿ ಹುಟ್ಟಿದವರಾಗಿದ್ದು, ಹೊರದೇಶದಲ್ಲಿ ವಾಸಿಸುವ ಯಾವನಾದರೂ ಅಲ್ಲಿನ ಭಾರತೀಯ ರಾಯಭಾರಿ ಅಥವಾ ಕಾನ್ಸಲನಲ್ಲಿ ನೋಂದಾಯಿಸಿಕೊಂಡು ಪೌರನಾಗಬಹುದೆಂದು ಅದು ಹೇಳುತ್ತದೆ. 5ರಿಂದ 9ರವರೆಗಿನ ಅನುಚ್ಛೇದಗಳು ಗಣರಾಜ್ಯದ ದಿನಕ್ಕೆ ಕಾಯದೆ 1949ನೆಯ ನವೆಂಬರ್ 26ರಂದೇ ಜಾರಿಗೆ ಬಂದುವು.

ಈ ಅನುಚ್ಛೇದದಲ್ಲಿ ಎರಡು ಸಂಗತಿಗಳನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. 1935ರ ಕಾಯಿದೆಯ ‘ಇಂಡಿಯಾ’ ಎಂಬ ಶಬ್ದದಲ್ಲಿ ಬ್ರಿಟಿಷ್ ಪ್ರಾಂತಗಳೊಡನೆ ದೇಶೀಯ ಸಂಸ್ಥಾನಗಳೂ ಅಡಕವಾಗಿದ್ದುವು. ಆದುದರಿಂದ ಹೊರನಾಡಿನಲ್ಲಿದ್ದವರ ಮಟ್ಟಿಗೆ ಹುಬ್ಬಳ್ಳಿಗೂ ಕುಂದಗೋಳಕ್ಕೂ ಇದ್ದ ಭೇದವು ಒಂದೇ ಶಬ್ದದಿಂದ ಅಳಿಸಿಹೋಯಿತು. ಜಮಖಂಡಿ, ಸಾಂಗ್ಲಿ, ಮೀರಜ, ಸವಣೂರುಗಳು 1948ನೆಯ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವೆಂದು ನಾವು ಕಲಿಸುತ್ತೇವೆ. ಅದರಿಂದ ನೆಲ ಒಂದಾಯಿತು, ಆ ನೆಲವನ್ನು ಎಂದೋ ಬಿಟ್ಟುಹೋದವರ ಮಕ್ಕಳನ್ನು ಒಂದುಗೂಡಿಸಿದ್ದು ಈ ಶಬ್ದ. ಇನ್ನೊಂದು ಸಂಗತಿಯೆಂದರೆ, ತಾಯಿಗೂ ತಂದೆಗೂ ಇಲ್ಲಿ ಹೆಚ್ಚುಕಡಿಮೆಯಿಲ್ಲ. ಮಡಗಾವಿಯಲ್ಲಿ ಹುಟ್ಟಿದ ಆ ಎರಡನೆಯ ಕೂಸಿಗೆ, ತಾಯಿಯು ಕಾರವಾರದಲ್ಲಿ ಹುಟ್ಟಿದವಳೆಂಬ ಒಂದೇ ಆಧಾರದ ಮೇಲೆ, ಪಣಜಿಯ ಭಾರತೀಯ ಕಾನ್ಸಲ್ ಕಚೇರಿಯ ಬಾಗಿಲು ತೆರೆಯಿತು.

ಬಾಗಿಲು ಬಹುಕಾಲ ತೆರೆದಿರಲಿಲ್ಲ. ಗೋವೆಯ ವಿಮೋಚನೆಯ ಸತ್ಯಾಗ್ರಹವು ಕಾವೇರಿ, 1955ನೆಯ ಆಗಸ್ಟಿನಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ, ಗಡಿಯ ರೈಲು ಸಂಚಾರ ನಿಂತು, ಸೆಪ್ಟೆಂಬರ್ 1ರಂದು ಪಣಜಿಯ ಕಾನ್ಸಲ್ ಕಚೇರಿಯನ್ನು ಭಾರತ ಸರಕಾರವು ಮುಚ್ಚಿತು. ನಾಲ್ಕು ತಿಂಗಳ ಬಳಿಕ ಪೌರತ್ವ ಕಾಯಿದೆ ಬಂದಾಗ ಅದರ 4ನೆಯ ಕಲಮಿನಲ್ಲಿ ತಂದೆ ಮಾತ್ರ ಉಳಿದಿದ್ದನು. ತಂದೆಯೇ ವಂಶಾನ್ವಯದಿಂದ ಪೌರನಾಗಿದ್ದ ಪಕ್ಷದಲ್ಲಿ, ಅವನು ಸರಕಾರಿ ಸೇವೆಯಲ್ಲಿ ಇಲ್ಲದಿದ್ದರೆ, ಮಗುವಿನ ಜನನವನ್ನು ಒಂದು ವರ್ಷದೊಳಗೆ ಕಾನ್ಸಲ್ ಕಚೇರಿಯಲ್ಲಿ ನೋಂದಾಯಿಸಬೇಕೆಂಬ ಕರಾರೂ ಅಲ್ಲಿದೆ. 1922ರ ಬ್ರಿಟಿಷ್ ತಿದ್ದುಪಡಿಯನ್ನು ಓದಿದವರಿಗೆ ಇದರ ತವರುಮನೆ ಯಾವುದೆಂದು ಹೇಳಬೇಕಾಗಿಲ್ಲ. ಬ್ರಿಟನ್ನಿನ 1948ರ ಕಾಯಿದೆಯೂ ವಂಶಾನ್ವಯಕ್ಕೆ ತಂದೆಯನ್ನೇ ಹಿಡಿದಿತ್ತು. ನಮ್ಮ ಕರಡುಗಾರರು ಆರು ವರ್ಷ ಹಿಂದಿನ ಸ್ವಂತ ಸಂವಿಧಾನಕ್ಕಿಂತ ಆ ಮಾದರಿಗೇ ಹತ್ತಿರ ನಿಂತರು. ಎರಡು ದೇಶಗಳ ಪೌರತ್ವವು ಒಬ್ಬನಲ್ಲಿ ಕೂಡದಿರಲೆಂದು ಹೀಗೆ ಮಾಡಿದರೆಂಬ ಸಮರ್ಥನೆಯೊಂದುಂಟು. ಅದು ನಿಲ್ಲುವಂಥದಲ್ಲ. ಹುಟ್ಟಿದ ನೆಲವೇ ಪೌರತ್ವ ಕೊಡುವ ದೇಶದಲ್ಲಿ ಭಾರತೀಯ ತಂದೆಯ ಮಗುವಿಗೂ ಎರಡು ಪೌರತ್ವಗಳು ಬರುತ್ತಿದ್ದುವು. ಅದನ್ನು ಈ ಕಲಮು ತಡೆಯಲಿಲ್ಲ.

1961ನೆಯ ಡಿಸೆಂಬರಿನಲ್ಲಿ ಗೋವೆ ಭಾರತಕ್ಕೆ ಸೇರಿದ ಮೇಲೆ 1962ನೆಯ ಮಾರ್ಚ್ 28ರ ಆಜ್ಞೆಯೊಂದು ಅಲ್ಲಿನವರ ಪೌರತ್ವವನ್ನು ಇತ್ಯರ್ಥಗೊಳಿಸಿತು. ತಾನಾಗಲಿ, ತಂದೆ ತಾಯಿಗಳಲ್ಲೊಬ್ಬರಾಗಲಿ, ಅಜ್ಜಅಜ್ಜಿಯರಲ್ಲೊಬ್ಬರಾಗಲಿ 1961ನೆಯ ಡಿಸೆಂಬರ್ 20ಕ್ಕೆ ಮೊದಲು ಆ ಪ್ರದೇಶದಲ್ಲಿ ಹುಟ್ಟಿದವರಾಗಿದ್ದರೆ ಅವರೆಲ್ಲ ಆ ದಿನದಿಂದ ಭಾರತದ ಪೌರರು. ಹಳೆಯ ಪೌರತ್ವವೇ ಬೇಕೆನ್ನುವವರು ಒಂದು ತಿಂಗಳೊಳಗೆ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟು ಗೋವೆಯಲ್ಲಿಯೇ ಉಳಿದ ಪಾದ್ರಿ ಮೊಂತೇರೊ ಅವರ ಮೊಕದ್ದಮೆ 1969ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಪರದೇಶೀಯರ ಕಾಯಿದೆಯಂತೆ ಅವರಿಗಾದ ಶಿಕ್ಷೆಯನ್ನು ನ್ಯಾಯಾಲಯವು ಎತ್ತಿಹಿಡಿಯಿತು. ನಮ್ಮ ವಿಷಯಕ್ಕೆ ಮುಖ್ಯವಾದುದು ಆಜ್ಞೆಯ ಮಾತು. 1949ರ ಮಾತೇ ಇಲ್ಲಿ ಮರಳಿ ಬಂದಿದೆ: ತಾಯಿ, ಅಜ್ಜಿ, ಎಲ್ಲರೂ ಲೆಕ್ಕಕ್ಕೆ ಇದ್ದಾರೆ. ಜನಸಮೂಹವೊಂದನ್ನು ಒಮ್ಮೆಗೇ ಒಳಗೊಳ್ಳಬೇಕಾದಾಗ ರಾಜ್ಯವು ತಾಯಿಯನ್ನು ನೆನೆಯಿತು. ದಿನನಿತ್ಯದ ಕಾನೂನು ಬರೆಯುವಾಗ ಮರೆಯಿತು. 1955ರ ಕಾಯಿದೆಯ 7ನೆಯ ಕಲಮಿನ ಅಧಿಕಾರದಿಂದಲೇ ಈ ಆಜ್ಞೆ ಹೊರಟದ್ದು; ಆಗಲೂ ಅದೇ ಕಾಯಿದೆಯ 4ನೆಯ ಕಲಮು ತಿದ್ದುಪಡಿಯಾಗಲಿಲ್ಲ.

ತಿದ್ದುಪಡಿಗೆ ಇನ್ನೂ ಮೂವತ್ತು ವರ್ಷ ಹಿಡಿಯಿತು. ಬ್ರಿಟನ್ ತನ್ನ 1981ರ ಕಾಯಿದೆಯ ಮೂಲಕ 1983ರ ಆರಂಭದಿಂದ ತಾಯಿಗೆ ಈ ಹಕ್ಕನ್ನು ಕೊಟ್ಟಿತ್ತು; ನಾವು ಅದಾಗಿ ಒಂಬತ್ತು ವರ್ಷಗಳ ತರುವಾಯ ಕೊಟ್ಟೆವು. ಆದರೆ 1992ರ ತಿದ್ದುಪಡಿಯು ಹಿಂದಕ್ಕೆ ಅನ್ವಯಿಸುವಂಥದಾಗಿರಲಿಲ್ಲ. 1950ರ ಜನವರಿಯಿಂದ 1992ರ ಡಿಸೆಂಬರಿನವರೆಗೆ ಭಾರತೀಯ ತಾಯಿಗೂ ಪರದೇಶದ ತಂದೆಗೂ ಹೊರನಾಡಿನಲ್ಲಿ ಹುಟ್ಟಿದವರು ವಂಶಾನ್ವಯದ ಹಕ್ಕಿನಿಂದ ಹೊರಗೇ ಉಳಿದರು. ಅವರು ನೋಂದಣಿಗಾಗಿ ಸರಕಾರಕ್ಕೆ ಅರ್ಜಿ ಸಲ್ಲಿಸಬಹುದಿತ್ತು, ನಿಜ. ಬೇಡಿ ಪಡೆಯುವುದಕ್ಕೂ ಹುಟ್ಟಿನೊಡನೆ ಬರುವುದಕ್ಕೂ ಇರುವ ಅಂತರವನ್ನು ಇತಿಹಾಸದ ವಿದ್ಯಾರ್ಥಿಗೆ ವಿವರಿಸಬೇಕಾಗಿಲ್ಲ.

2004ನೆಯ ಡಿಸೆಂಬರ್ 3ರಿಂದ ನಿಯಮವು ಬೇರೊಂದು ದಿಕ್ಕಿನಲ್ಲಿ ಬಿಗಿಯಾಗಿದೆ. ಈಗ ಹೊರನಾಡಿನಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿನ ಜನನವನ್ನೂ, ತಂದೆ ತಾಯಿಗಳಿಬ್ಬರೂ ಭಾರತದಲ್ಲಿಯೇ ಹುಟ್ಟಿದ ಪೌರರಾಗಿದ್ದರೂ, ಒಂದು ವರ್ಷದೊಳಗೆ ಭಾರತೀಯ ಕಾನ್ಸಲ್ ಕಚೇರಿಯಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರಕಾರದ ಅನುಮತಿ ಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟು ಇಲ್ಲವೆಂದು ತಂದೆ ತಾಯಿಗಳು ಬರೆದುಕೊಡಬೇಕು. ಎರಡು ಪೌರತ್ವಗಳುಳ್ಳ ಮಗುವು ಪ್ರಾಪ್ತವಯಸ್ಕನಾದ ಆರು ತಿಂಗಳೊಳಗೆ ಇನ್ನೊಂದನ್ನು ಬಿಡದಿದ್ದರೆ ಭಾರತದ ಪೌರತ್ವ ಹೋಗುತ್ತದೆ. ಹಿಂದೆ ಎರಡನೆಯ ತಲೆಮಾರಿಗಿದ್ದ ಕರಾರು ಹೀಗೆ ಮೊದಲನೆಯ ತಲೆಮಾರಿಗೂ ಬಂದಿದೆ. ಹುಬ್ಬಳ್ಳಿ-ಧಾರವಾಡಗಳಿಂದ ಉದ್ಯೋಗಕ್ಕಾಗಿ ಅಮೇರಿಕೆಗೆ ಹೋದವರ ಮನೆಗಳಲ್ಲಿ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ಈಗ ವಿರಳ. ಬಾಣಂತನಕ್ಕೆ ತಾಯಿಯೇ ವಿಮಾನವೇರಿ ಹೋಗುತ್ತಾಳೆ. ಕೂಸು ಅಲ್ಲಿಯ ನೆಲದ ಕಾನೂನಿನಿಂದ ಅಮೇರಿಕೆಯ ಪೌರನಾಗಿಯೇ ಹುಟ್ಟುತ್ತದೆ. ಅದಕ್ಕೆ ಯಾವ ಪಾಸ್‌ಪೋರ್ಟು ಮಾಡಿಸಬೇಕೆಂಬ ತೀರ್ಮಾನವನ್ನು ಆ ಮನೆಯವರು ವರ್ಷ ತುಂಬುವುದರೊಳಗೆ ಕೈಗೊಳ್ಳಬೇಕಾಗುತ್ತದೆ.