ಕೊಟ್ಟಿಗೆಗೆ ಬಂದ ದಿನಾಂಕ: ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹಸುವಿನ ಗರ್ಭ ಪರೀಕ್ಷೆಯ ಇತಿಹಾಸ

ಹಸು ಗಬ್ಬ ನಿಂತಿದೆಯೇ ಎಂಬುದನ್ನು ತಿಂಗಳೊಪ್ಪತ್ತಿನಲ್ಲೇ ತಿಳಿಯಬೇಕೆಂಬ ಅವಸರ ಮಲೆನಾಡಿನ ಕೊಟ್ಟಿಗೆಗೆ ತೀರ ಈಚಿನದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ಬೆಳೆಗಾರರು ದನ ಸಾಕಿದ್ದು ಮೊದಲು ಗೊಬ್ಬರಕ್ಕೆ, ಆಮೇಲೆ ಹಾಲಿಗೆ. ಸೊಪ್ಪಿನ ಬೆಟ್ಟದಿಂದ ಹೊತ್ತು ತಂದ ಸೊಪ್ಪು, ಬೇಸಿಗೆಯಲ್ಲಿ ಗುಡಿಸಿ ತಂದ ತರಗೆಲೆ ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಬಿದ್ದು, ಸಗಣಿ ಗಂಜಲ ಕುಡಿದು ಗೊಬ್ಬರವಾಗಿ ತೋಟ ಸೇರುತ್ತಿತ್ತು. ಬೆಳಿಗ್ಗೆ ಕಣ್ಣಿ ಬಿಚ್ಚಿದರೆ ದನಗಳು ಹಕ್ಕಲು, ಬ್ಯಾಣ, ಕಾಡಿನಂಚುಗಳಲ್ಲಿ ಮೇಯ್ದು ಸಂಜೆ ತಾವಾಗಿ ಹಿಂದಿರುಗುತ್ತಿದ್ದವು. ಹೋರಿ ಮಂದೆಯಲ್ಲೇ ಇರುತ್ತಿತ್ತು. ಬೆದೆಗೆ ಬಂದದ್ದು, ಹೋರಿ ಹಾರಿದ್ದು ಎರಡೂ ಮನೆಯವರ ಕಣ್ಣಿಗೆ ಬೀಳದೆ ನಡೆದುಹೋಗುತ್ತಿದ್ದವು. ಕೂಡಿದ ದಿನವೇ ಗೊತ್ತಿಲ್ಲದಲ್ಲಿ ಮೂವತ್ತನೆಯ ದಿನ, ಅರವತ್ತನೆಯ ದಿನ ಎಂಬ ಲೆಕ್ಕಕ್ಕೆ ಅರ್ಥವಿಲ್ಲ. ಈ ಸೀಮೆಯ ಗರ್ಭ ಪರೀಕ್ಷೆಯ ಇತಿಹಾಸವನ್ನು ಉಪಕರಣಗಳ ಇತಿಹಾಸವಾಗಿ ಓದುವುದಕ್ಕಿಂತ, ದಿನಾಂಕವೊಂದು ಕೊಟ್ಟಿಗೆಯನ್ನು ಪ್ರವೇಶಿಸಿದ ಇತಿಹಾಸವಾಗಿ ಓದುವುದೇ ಹೆಚ್ಚು ಸರಿ.

ಇಲ್ಲಿನ ಮೂಲ ದನ ಮಲೆನಾಡು ಗಿಡ್ಡ. ಹೆಚ್ಚುಕಡಿಮೆ ಮೂರಡಿ ಎತ್ತರ, ಹಸುವಿನ ತೂಕ ಸಾಮಾನ್ಯವಾಗಿ 80ರಿಂದ 120 ಕಿಲೋ. ವರ್ಷದ ಅರ್ಧ ಭಾಗ ಮಳೆ ಸುರಿಯುವ ಗುಡ್ಡಗಳಲ್ಲಿ ಸಿಕ್ಕಿದ್ದನ್ನು ತಿಂದು ಬದುಕುವ ಈ ತಳಿಗೆ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊದ ಮಾನ್ಯತೆ ದೊರೆತದ್ದು 2012ರಲ್ಲಿ. ಅದಕ್ಕೂ ಮುಂಚೆ, 2007ರ ಏಪ್ರಿಲ್‌ನಲ್ಲಿ ಹೊಸನಗರದ ರಾಮಚಂದ್ರಾಪುರ ಮಠದಲ್ಲಿ ನಡೆದ ವಿಶ್ವ ಗೋ ಸಮ್ಮೇಳನ ದೇಸಿ ತಳಿಗಳ ಕಡೆಗೆ ನಾಡಿನ ಗಮನ ಸೆಳೆದಿತ್ತು. ಗಿಡ್ಡ ಕೊಡುವ ಹಾಲು ಮನೆಯ ಕಾಫಿ, ಮಜ್ಜಿಗೆಗೆ ಸಾಕಾಗುವಷ್ಟು. ಅದು ಎರಡು ತಿಂಗಳು ತಡವಾಗಿ ಕರು ಹಾಕಿದರೆ ಯಾರ ಲೆಕ್ಕವೂ ತಪ್ಪುತ್ತಿರಲಿಲ್ಲ.

ಗಬ್ಬ ಗುರುತಿಸುವ ತಿಳಿವಳಿಕೆ ಇರಲಿಲ್ಲವೆಂದಲ್ಲ. ಅದು ನಿಧಾನದ ತಿಳಿವಳಿಕೆ. ಬೆದೆ ಮರುಕಳಿಸದಿರುವುದು ಮೊದಲ ಸುಳಿವು. ದನ ಸಾಧುವಾಗುವುದು, ಮೈಗೆ ಹೊಳಪು ಬರುವುದು, ಕರೆಯುವ ಹಸುವಿನ ಹಾಲು ಇಳಿಮುಖವಾಗುವುದು ಅನಂತರದವು. ಚೊಚ್ಚಲ ಗಬ್ಬದ ಕಡಸಿನಲ್ಲಿ ಐದನೇ ತಿಂಗಳ ಹೊತ್ತಿಗೆ ಕೆಚ್ಚಲು ಕಟ್ಟತೊಡಗುತ್ತದೆ, ಮೊಲೆಯನ್ನು ಹಿಂಡಿದರೆ ಜೇನಿನಂಥ ಅಂಟು ಬರುತ್ತದೆ. ಆರು ತಿಂಗಳು ದಾಟಿದ ಮೇಲೆ ಬಲ ಪಕ್ಕೆಯ ಕೆಳಭಾಗವನ್ನು ಮುಷ್ಟಿಯಿಂದ ಒತ್ತಿ ಬಿಟ್ಟರೆ ಒಳಗಿನ ಗಟ್ಟಿ ವಸ್ತುವೊಂದು ಹಿಂದಕ್ಕೆ ಬಂದು ಕೈಗೆ ತಾಗುತ್ತದೆ. ತಣ್ಣೀರು ಕುಡಿದ ಕೂಡಲೇ ಹೊಟ್ಟೆಯೊಳಗೆ ಕರು ಮಿಸುಕುವುದನ್ನು ಕಾಣುವುದೂ ಇದೇ ಬಗೆಯದು. ಕೊನೆಯ ಇವು ನಂಬಲರ್ಹ ಲಕ್ಷಣಗಳೇ, ಆದರೆ ಸ್ಪಷ್ಟವಾಗುವ ವೇಳೆಗೆ ಗರ್ಭಾವಧಿಯ ಅರ್ಧ ಕಳೆದಿರುತ್ತದೆ. ಬೆದೆ ನಿಲ್ಲುವ ಮೊದಲ ಲಕ್ಷಣವಂತೂ ಮೋಸಗಾರ. ಮೇವು ಸಾಲದೆ ಸೊರಗಿದ ದನ ಗಬ್ಬವಿಲ್ಲದೆಯೂ ಬೆದೆ ನಿಲ್ಲಿಸುತ್ತದೆ.

ಬರಹದ ಪರಂಪರೆಯಿಂದ ಈ ತಿಳಿವಳಿಕೆಗೆ ಹೆಚ್ಚು ನೆರವು ಸಿಕ್ಕಂತಿಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಸುಮಾರು 1125ರಲ್ಲಿ ‘ಗೋವೈದ್ಯ’ ಬರೆದ. ಪಶುವೈದ್ಯವನ್ನು ಕುರಿತ ಕನ್ನಡದ ಮೊದಲ ಕೃತಿ ಅದೇ. ಇದೇ ಸೀಮೆಯಿಂದ ಆಳಿದ ಕೆಳದಿಯ ಬಸವಪ್ಪ ನಾಯಕ 18ನೇ ಶತಮಾನದ ಆರಂಭದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ ‘ಶಿವತತ್ತ್ವ ರತ್ನಾಕರ’ ಆನೆ, ಕುದುರೆಗಳ ಶಾಸ್ತ್ರಕ್ಕೆ ಜಾಗ ಕೊಟ್ಟಿದೆ. ಅರಮನೆಯ ಕಾಳಜಿ ಲಾಯದ ಮೇಲಿರುವುದು ಸಹಜ. ಕೊಟ್ಟಿಗೆಯ ಗಬ್ಬದ ಅರಿವು ಬಾಯಿಂದ ಬಾಯಿಗೆ, ಬಹುಪಾಲು ಹಾಲು ಕರೆಯುವ ಹೆಂಗಸರ ಮೂಲಕ, ಹರಿದುಬಂದಿತು.

ದಿನಾಂಕ ಬಂದದ್ದು ಕೃತಕ ಗರ್ಭಧಾರಣೆಯೊಡನೆ. ಭಾರತದಲ್ಲಿ ಈ ವಿಧಾನ ಮೊದಲು ನಡೆದದ್ದು ಕನ್ನಡ ನೆಲದಲ್ಲೇ. 1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರ್ಮಿನಲ್ಲಿ ಸಂಪತ್ ಕುಮಾರನ್ ಅವರು ಹಾಲ್‌ಸ್ಟೈನ್ ಫ್ರೀಜಿಯನ್ ಹೋರಿಯ ವೀರ್ಯದಿಂದ ಹಳ್ಳಿಕಾರ್ ಹಸುಗಳಿಗೆ ಗರ್ಭಧಾರಣೆ ಮಾಡಿದರು. 33 ಹಸುಗಳು ಗಬ್ಬ ನಿಂತವು ಎಂದು ಪಶುವೈದ್ಯ ಪಠ್ಯಗಳು ದಾಖಲಿಸುತ್ತವೆ. ಮೊದಲ ಪಂಚವಾರ್ಷಿಕ ಯೋಜನೆಯ ಕಾಲದ ಕೀ ವಿಲೇಜ್ ಯೋಜನೆ ಇದನ್ನು ಹಳ್ಳಿಗಳತ್ತ ಕೊಂಡೊಯ್ದಿತು. ಆಗಿನದು ತಂಪಿನಲ್ಲಿಟ್ಟ ದ್ರವ ವೀರ್ಯ, ಎರಡು ಮೂರು ದಿನಕ್ಕಿಂತ ಹೆಚ್ಚು ಬಾಳುತ್ತಿರಲಿಲ್ಲ. ಹೊಳೆ, ಕಾನು, ಕೆಸರು ರಸ್ತೆ ದಾಟಿ ಶರಾವತಿ ಕಣಿವೆಯ ಒಂಟಿಮನೆಗಳನ್ನು ತಲುಪಲು ಆ ಆಯುಷ್ಯ ಸಾಲದು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ಘನೀಕೃತ ವೀರ್ಯ ಈ ತೊಡಕನ್ನು ಬಿಡಿಸಿತು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಳೆದ ಕೇಂದ್ರ ಈ ತಂತ್ರದ ತರಬೇತಿಗೂ ನೆಲೆಯಾಯಿತು. ಹಾಲು ಒಕ್ಕೂಟಗಳ ಜಾಲ ಹರಡಿ, ಸೊಸೈಟಿಯ ಕ್ಯಾನು ಊರ ಬಾಗಿಲಿಗೆ ಬಂದ ಮೇಲೆ ಕೊಟ್ಟಿಗೆಗಳಲ್ಲಿ ಗಿಡ್ಡದ ಪಕ್ಕದಲ್ಲೇ ಜೆರ್ಸಿ, ಎಚ್‌ಎಫ್ ಮಿಶ್ರತಳಿಗಳು ನಿಂತವು.

ಹೊಸ ಹಸು ಮೇಯಲು ಹೋಗುವುದಿಲ್ಲ, ಕೊಂಡ ಹಿಂಡಿ ತಿನ್ನುತ್ತದೆ. ಬೆದೆ ಕಂಡ ಹನ್ನೆರಡು ಗಂಟೆಯ ಆಸುಪಾಸಿನಲ್ಲಿ ಡಾಕ್ಟರನ್ನು ಕರೆಸಿ ‘ಇಂಜೆಕ್ಷನ್’ ಕೊಡಿಸಬೇಕು, ಅದರ ತಾರೀಖು ಗೋಡೆಯ ಕ್ಯಾಲೆಂಡರಿನಲ್ಲಿ ದಾಖಲಾಗಬೇಕು. ಗಬ್ಬ ನಿಲ್ಲದ ಖಾಲಿ ಹಸುವಿನ ನಷ್ಟಕ್ಕೆ ಬೆಲೆ ಕಟ್ಟುವುದು ಸಾಧ್ಯವಾದದ್ದು ಇಲ್ಲಿಂದ. ಹಸುವಿನ ಬೆದೆ ಚಕ್ರ ಸುಮಾರು 21 ದಿನ. ತಪ್ಪಿದ ಒಂದೊಂದು ಚಕ್ರವೂ ಮುಂದಿನ ಕರುವನ್ನೂ ಮುಂದಿನ ಹಾಲನ್ನೂ ಮೂರು ವಾರ ದೂರ ತಳ್ಳುತ್ತದೆ. ಮೇಯಲು ಹೋಗುವ ದನ ಕಡಿಮೆಯಾದುದಕ್ಕೆ ಹಾಲಿನ ಲೆಕ್ಕವೊಂದೇ ಕಾರಣವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರಿನಲ್ಲಿ ಗುರುತಾದ ಮಂಗನ ಕಾಯಿಲೆಯಿರುವ ಈ ಸೀಮೆಯಲ್ಲಿ ಕಾಡಿಗೆ ಹೋದ ದನ ಆ ರೋಗ ಹರಡುವ ಉಣುಗು ಹೊತ್ತು ತರುತ್ತದೆಂಬ ಭಯವೂ, ಮೇಯಿಸುವವರ ಅಭಾವವೂ ಸೇರಿಕೊಂಡಿವೆ.

ದಿನಾಂಕ ಬಂದ ಮೇಲೆ ಮೊದಲು ನೆಚ್ಚಿಕೊಂಡ ಪರೀಕ್ಷೆ ಕೈಯದು. ಪಶುವೈದ್ಯರು ಗುದದ್ವಾರದ ಮೂಲಕ ಕೈ ಹಾಕಿ, ಕರುಳಿನ ತೆಳು ಗೋಡೆಯಾಚೆಗಿನ ಗರ್ಭಕೋಶವನ್ನು ಬೆರಳಿನಿಂದ ಓದುವ ವಿಧಾನ ಇದು. ಪಳಗಿದ ಬೆರಳು 35ನೇ ದಿನದ ಹೊತ್ತಿಗೇ ಗರ್ಭದ ಪೊರೆ ಜಾರುವುದನ್ನು ಹಿಡಿಯಬಲ್ಲದು. ಹಳ್ಳಿಯಲ್ಲಿ ಖಚಿತವಾಗಿ ಹೇಳುವುದು ಸಾಮಾನ್ಯವಾಗಿ ಎರಡು, ಮೂರು ತಿಂಗಳ ನಡುವೆ. ಆಗ ಗರ್ಭಕೋಶದ ಎರಡು ಕೊಂಬುಗಳಲ್ಲಿ ಗಬ್ಬವಿರುವುದು ಇನ್ನೊಂದಕ್ಕಿಂತ ದಪ್ಪವಾಗಿ, ನೀರು ತುಂಬಿ ತುಳುಕುವಂತಿರುತ್ತದೆ. ಮುಂದೆ ಮಾಸು ಗರ್ಭಕೋಶಕ್ಕೆ ಅಂಟಿರುವ ಗುಬ್ಬಿಗಳು ಕೈಗೆ ಸಿಗುತ್ತವೆ. ನಾಲ್ಕನೇ ತಿಂಗಳಲ್ಲಿ ಗರ್ಭಕೋಶದ ಅಪಧಮನಿ ಮಾಮೂಲು ನಾಡಿಯಂತೆ ಬಡಿಯದೆ ಜುಮುಜುಮು ಹರಿಯುತ್ತದೆ. ಗರ್ಭ ಹೊಟ್ಟೆಯ ತಳಕ್ಕೆ ಇಳಿದು ಕೈಗೆಟುಕದಾಗ ವೈದ್ಯರು ನಂಬುವುದು ಇದನ್ನೇ. ಖರ್ಚಿಲ್ಲ, ವಿದ್ಯುತ್ ಬೇಡ, ಮಳೆಗಾಲದ ಕತ್ತಲ ಕೊಟ್ಟಿಗೆಯಲ್ಲೂ ನಡೆಯುತ್ತದೆ. ಇಷ್ಟು ಅಗ್ಗದ, ಇಷ್ಟು ನಿಖರ ವಿದ್ಯೆ ಪಶುವೈದ್ಯದಲ್ಲಿ ಬೇರೆ ಕಡಿಮೆ.

ಅದರ ಮಿತಿ ಎರಡು ಕಡೆ. ಒಂದು, ಅರವತ್ತು ದಿನ ಕಾದು ‘ಖಾಲಿ’ ಎಂಬ ಉತ್ತರ ಬಂದರೆ ಎರಡು ಬೆದೆ ಆಗಲೇ ಕೈತಪ್ಪಿರುತ್ತವೆ. ಎರಡನೆಯದು ಈ ಸೀಮೆಗೇ ವಿಶೇಷ: ಆಳೆತ್ತರದ ಹಾಲ್‌ಸ್ಟೈನ್‌ಗೆ ರೂಪುಗೊಂಡ ವಿದ್ಯೆ ನೂರು ಕಿಲೋದ ಗಿಡ್ಡದ ಕಡಸಿಗೆ ಸುಲಭವಾಗಿ ಒಗ್ಗುವುದಿಲ್ಲ. ಶ್ರೋಣಿ ಇಕ್ಕಟ್ಟು, ಕೈ ಆಡಿಸಲು ಎಡೆಯಿಲ್ಲ, ಬಲವಂತ ಮಾಡಿದರೆ ಕರುಳಿಗೆ ಗಾಯ. ಕಂದು ಹಾಕುವ ಬ್ರುಸೆಲ್ಲಾ ರೋಗ ಮನುಷ್ಯರಿಗೂ ಅಂಟುವುದರಿಂದ ಕೈ ಹಾಕುವವರಿಗೂ ಅಪಾಯವಿದೆ. ಉದ್ದ ಕೈಗವಸು ಇದಕ್ಕೇ ಕಡ್ಡಾಯವಾದದ್ದು.

ಗಿಡ್ಡ ತಳಿಯ ಮೇಲೆಯೇ ನಡೆದ, ಕೈ ಹಾಕಬೇಕಿಲ್ಲದ ಪರೀಕ್ಷೆಯೊಂದು ಈ ಇತಿಹಾಸದ ಕುತೂಹಲದ ಅಧ್ಯಾಯ. ಗರ್ಭಿಣಿಯ ಮೂತ್ರ ಹನಿಸಿದರೆ ಗೋಧಿ, ಜವೆ ಮೊಳೆಯುತ್ತವೆ ಎಂಬುದು ಪ್ರಾಚೀನ ಈಜಿಪ್ಟಿನ ಪಪೈರಸ್‌ಗಳಲ್ಲಿರುವ ಪರೀಕ್ಷೆ. 1993ರಲ್ಲಿ ವೀಣಾ ಮತ್ತು ನರೇಂದ್ರನಾಥ್ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಹಸುವಿಗೆ ಅನ್ವಯಿಸಿ ಬರೆದರು. ಹಸುವಿನಲ್ಲಿ ಫಲಿತಾಂಶ ತಿರುಗುಮುರುಗು: ಗಬ್ಬದ ಹಸುವಿನ ಗಂಜಲವನ್ನು ನೀರು ಬೆರೆಸಿ ತೆಳುವಾಗಿಸಿ ಹಾಕಿದಾಗ ಬೀಜದ ಮೊಳಕೆ ಕುಂಠಿತವಾಗುತ್ತದೆ. ಅದರಲ್ಲಿ ಹೆಚ್ಚಿನ ಪ್ರಮಾಣದಲ್ಲಿರುವ ಅಬ್ಸಿಸಿಕ್ ಆಮ್ಲ ಕಾರಣವೆಂಬುದು ಅವರ ವಿವರಣೆ. ‘ಪುಣ್ಯಕೋಟಿ ಪರೀಕ್ಷೆ’ ಎಂಬ ಹೆಸರು ಪಡೆದ ಈ ವಿಧಾನವನ್ನು ಮಲೆನಾಡು ಗಿಡ್ಡ ಹಸುಗಳ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ‘ವೆಟರ್ನರಿ ವರ್ಲ್ಡ್’ನಲ್ಲಿ ಪ್ರಕಟವಾಯಿತು. ಬಟ್ಟಲು, ಬೀಜ, ಗಂಜಲ ಸಾಕು, ಐದು ದಿನ ಕಾಯಬೇಕು. ಆದರೆ ಗಂಜಲ ಎಷ್ಟು ಗಟ್ಟಿ, ಬೀಜ ಎಷ್ಟು ಹಳೆಯದು ಎಂಬುದರ ಮೇಲೂ ಮೊಳಕೆ ನಿಲ್ಲುತ್ತದೆ. ಮನೆಯ ಮಟ್ಟದ ಸುಳಿವಾಗಿ ಅದು ಸರಿ. ಚಿಕಿತ್ಸೆ ನಿರ್ಧರಿಸಲು ಸಾಲದು.

ಶ್ರವಣಾತೀತ ಧ್ವನಿಯ, ಅಂದರೆ ಸ್ಕ್ಯಾನಿಂಗಿನ, ಪ್ರವೇಶ ಬೇರೆ ದಾರಿಯದು. ಗ್ಲಾಸ್ಗೊದ ಇಯಾನ್ ಡೊನಾಲ್ಡ್ 1958ರಲ್ಲಿ ಹೆಣ್ಣುಮಕ್ಕಳ ಹೊಟ್ಟೆಯೊಳಗಿನ ಚಿತ್ರಗಳನ್ನು ಪ್ರಕಟಿಸಿದ ಮೇಲೆ, 1960ರ ದಶಕದಲ್ಲೇ ಕುರಿಗಳ ಗಬ್ಬ ನೋಡಲು ಈ ಧ್ವನಿಯನ್ನು ಬಳಸಲಾಯಿತು. 1980ರಲ್ಲಿ ಫ್ರಾನ್ಸಿನಲ್ಲಿ ಹೆಣ್ಣು ಕುದುರೆಗಳ ಗರ್ಭವನ್ನು ಗುದದ್ವಾರದ ಮೂಲಕ ಚಲಿಸುವ ಚಿತ್ರವಾಗಿ ಕಂಡ ವರದಿ ಬಂತು. ಕುದುರೆಗೆ ಕಟ್ಟಿದ ಹಣ ದೊಡ್ಡದು, ಅದಕ್ಕೇ ಅದು ಮೊದಲು. ಹಸುವಿನ ಭ್ರೂಣದ ಬೆಳವಣಿಗೆಯನ್ನು ದಿನದಿನವೂ ಹೀಗೆ ಹಿಂಬಾಲಿಸಿದ ಪಿಯರ್ಸನ್ ಮತ್ತು ಗಿಂಥರ್ ಅವರ ಅಮೆರಿಕದ ಅಧ್ಯಯನ 1984ರದು.

ಹಸುವಿಗೆ ಬಳಸುವ ಶೋಧಕದ ಕಂಪನ ಸಾಮಾನ್ಯವಾಗಿ 5ರಿಂದ 7.5 ಮೆಗಾಹರ್ಟ್ಸ್. ದ್ರವ ಧ್ವನಿಯನ್ನು ಹಿಂದಿರುಗಿಸದೆ ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ, ಮೂಳೆ ಬೆಳ್ಳಗೆ. 28ರಿಂದ 30ನೇ ದಿನದ ಹೊತ್ತಿಗೆ ಕಪ್ಪು ದ್ರವದೊಳಗೆ ಭ್ರೂಣದ ಬೂದು ಚುಕ್ಕೆ, ಅದರಲ್ಲಿ ಮಿಣುಕುವ ಹೃದಯ ಎರಡೂ ಗೋಚರ. ಕೈಗೆ ಎಂದೂ ಸಿಗದ ಮಾಹಿತಿ ಇದು: ಗರ್ಭವಿದೆ ಎಂಬುದಷ್ಟೇ ಅಲ್ಲ, ಅದು ಬದುಕಿದೆ. ಅವಳಿ ಇದ್ದರೆ ಅದೂ, ಅಂಡಾಶಯದ ನೀರುಗುಳ್ಳೆಯಿದ್ದರೆ ಅದೂ, ಗರ್ಭಕೋಶದ ಕೀವೂ ಒಂದೇ ನೋಟದಲ್ಲಿ ತಿಳಿಯುತ್ತವೆ. 55ರಿಂದ 70 ದಿನಗಳ ನಡುವೆ ಕರು ಹೆಣ್ಣೋ ಹೋರಿಯೋ ಎಂಬುದನ್ನೂ ಹೇಳಬಹುದು.

ಸ್ಕ್ಯಾನಿಂಗಿನ ಬೆಲೆ ಗಬ್ಬದ ಹಸುವಿಗಿಂತ ಖಾಲಿ ಹಸುವಿನಲ್ಲಿ ಹೆಚ್ಚು. ಗಬ್ಬ ನಿಂತದ್ದು ಇಂದು ತಿಳಿದರೂ ತಿಂಗಳ ಮೇಲೆ ತಿಳಿದರೂ ಕರು ಅದೇ ದಿನ ಹುಟ್ಟುತ್ತದೆ. ಗರ್ಭಾವಧಿ ಹೇಗೂ ಸುಮಾರು 280 ದಿನ. ಖಾಲಿ ಇರುವುದು ಮೂವತ್ತನೇ ದಿನ ತಿಳಿದರೆ ಮಾತ್ರ 42ನೇ ದಿನದ ಬೆದೆಗೆ ಕಾದು ಕೂರಬಹುದು, ಇಲ್ಲವೆ ಪ್ರೊಸ್ಟಗ್ಲಾಂಡಿನ್ ಕೊಟ್ಟು ಬೇಗ ಬೆದೆಗೆ ತರಬಹುದು. ತಪ್ಪು ತೀರ್ಪಿನ ಅಪಾಯವೂ ಇಲ್ಲೇ ಇದೆ. ಗಬ್ಬದ ಹಸುವನ್ನು ಖಾಲಿ ಎಂದು ತಿಳಿದು ಆ ಇಂಜೆಕ್ಷನ್ ಕೊಟ್ಟರೆ ಅದು ಕಂದು ಹಾಕುತ್ತದೆ. ಮೂವತ್ತನೇ ದಿನ ಕಂಡ ಭ್ರೂಣಗಳೆಲ್ಲ ಉಳಿಯುವುದೂ ಇಲ್ಲ. ಎರಡನೇ ತಿಂಗಳೊಳಗೆ ಕೆಲವು ಸದ್ದಿಲ್ಲದೆ ಕರಗುತ್ತವೆ. ಹೀಗಾಗಿ ಬೇಗ ಸ್ಕ್ಯಾನ್ ಮಾಡಿದ ಹಸುವನ್ನು ಅರವತ್ತು ದಿನಗಳ ಮೇಲೆ ಮತ್ತೊಮ್ಮೆ ನೋಡಬೇಕು, ಅದಕ್ಕೆ ಕೈಯೇ ಸಾಕು.

ಯಂತ್ರದ ಹರಡುವಿಕೆಗೆ ಕಾನೂನಿನ ನೆರಳೂ ಇದೆ. ಹೆಣ್ಣು ಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದ ಪ್ರಸವಪೂರ್ವ ರೋಗನಿರ್ಣಯ ತಂತ್ರಗಳ ಕಾಯ್ದೆ, 2003ರ ತಿದ್ದುಪಡಿಯ ಬಳಿಕ, ನೋಂದಣಿಯಿಲ್ಲದವರಿಗೆ ಭ್ರೂಣದ ಲಿಂಗ ತಿಳಿಸಬಲ್ಲ ಯಂತ್ರ ಮಾರುವುದನ್ನೇ ನಿಷೇಧಿಸಿತು. ಹಸುವಿನ ಗರ್ಭ ನೋಡುವ ಯಂತ್ರ ಮನುಷ್ಯರ ಗರ್ಭವನ್ನೂ ನೋಡಬಲ್ಲದಾದ್ದರಿಂದ ಪಶುವೈದ್ಯರ ಕೈಯಲ್ಲಿನ ಸ್ಕ್ಯಾನರ್ ಕೂಡ ಸಂಶಯದ ಕಣ್ಣಿನಿಂದ ಹೊರತಾಗಲಿಲ್ಲ. ಕಾಯ್ದೆಯ ಉದ್ದೇಶದ ಮುಂದೆ ಇದು ಸಣ್ಣ ತೊಂದರೆ.

ದೊಡ್ಡ ಅಡ್ಡಿ ಮಲೆನಾಡಿನ ಮನೆಗಳ ಚದುರಿಕೆ. ನ್ಯೂಜಿಲೆಂಡಿನಂಥ ಕಡೆ ಸಾಲಾಗಿ ನಿಂತ ನೂರಾರು ಹಸುಗಳನ್ನು ಒಂದೇ ದಿನ ನೋಡಿ ಮುಗಿಸುತ್ತಾರೆ, ಯಂತ್ರದ ಖರ್ಚು ತಲೆಗೆ ಇಷ್ಟೆಂದು ಹಂಚಿಹೋಗುತ್ತದೆ. ತೀರ್ಥಹಳ್ಳಿಯ ಒಂದು ಗುಡ್ಡದ ಎರಡು ಹಸು ನೋಡಿ ಇನ್ನೊಂದು ಗುಡ್ಡದ ಒಂದು ಹಸುವಿಗೆ ಹೋಗುವ ವೈದ್ಯರಿಗೆ ಯಂತ್ರಕ್ಕಿಂತ ದಾರಿಯೇ ದುಬಾರಿ. ಬರಡು ರಾಸುಗಳನ್ನು ಒಂದೆಡೆ ಕಟ್ಟಿಸಿ ನೋಡುವ ಶಿಬಿರಗಳು ಈ ಕಾರಣಕ್ಕೇ ಒಗ್ಗಿವೆ. ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಂಗವಾದ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಈ ತಾಲ್ಲೂಕುಗಳಿಗೆ ಹತ್ತಿರದ ಉನ್ನತ ಕೇಂದ್ರ. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರವ್ಯಾಪಿ ಕೃತಕ ಗರ್ಭಧಾರಣೆ ಕಾರ್ಯಕ್ರಮದಿಂದೀಚೆಗೆ ಕಿವಿಯೋಲೆಯ ಹನ್ನೆರಡು ಅಂಕಿಯ ಸಂಖ್ಯೆಯ ಎದುರು ಗರ್ಭಧಾರಣೆ, ಗರ್ಭ ಪರೀಕ್ಷೆ, ಕರು ಹಾಕಿದ್ದು ಎಲ್ಲವೂ ಗಣಕದಲ್ಲಿ ದಾಖಲಾಗುತ್ತಿವೆ. ಗೋಡೆಯ ಕ್ಯಾಲೆಂಡರಿನ ತಾರೀಖು ಸರ್ಕಾರಿ ಕಡತವಾಗಿದೆ.

ಹಾಲಿನಲ್ಲಿ ಪ್ರೊಜೆಸ್ಟರಾನ್ ಅಳೆದು 21ರಿಂದ 24ನೇ ದಿನಕ್ಕೇ ಖಾಲಿ ಹಸುವನ್ನು ಬೇರ್ಪಡಿಸುವ ವಿಧಾನ 1970ರ ದಶಕದಿಂದಲೂ ಇದೆ. ಗರ್ಭಸಂಬಂಧಿ ಪ್ರೋಟೀನುಗಳನ್ನು ರಕ್ತದಲ್ಲೋ ಹಾಲಿನಲ್ಲೋ ಹುಡುಕುವುದು ಅನಂತರದ್ದು. ಎರಡಕ್ಕೂ ಪ್ರಯೋಗಾಲಯವೋ ಕೊಂಡು ತರುವ ಕಿಟ್ಟೋ ಬೇಕು.

ಹೋರಿಯೊಡನೆ ಬಯಲಲ್ಲೇ ಕೂಡುವ ಗಿಡ್ಡದ ಮಟ್ಟಿಗೆ ಹಾಲಿನ ಪ್ರೊಜೆಸ್ಟರಾನ್ ಪರೀಕ್ಷೆಯಂಥ ದಿನಾಂಕ ಆಧಾರಿತ ವಿಧಾನಗಳು ನಿರುಪಯುಕ್ತ. ಎಣಿಕೆ ಆರಂಭಿಸಲು ಅಲ್ಲಿ ಮೊದಲ ದಿನವೇ ಇಲ್ಲ. ಸ್ಕ್ಯಾನರ್ ಇಲ್ಲಿ ಇನ್ನೊಂದು ಬಗೆಯಲ್ಲಿ ಒದಗುತ್ತದೆ. ಭ್ರೂಣದ ನೆತ್ತಿಯಿಂದ ಪೃಷ್ಠದವರೆಗಿನ ಉದ್ದ ಅಳೆದರೆ ವಯಸ್ಸು ಸಿಗುತ್ತದೆ, ವಯಸ್ಸಿನಿಂದ ಹಿಂದಕ್ಕೆ ಎಣಿಸಿದರೆ ಕೂಡಿದ ದಿನ, ಮುಂದಕ್ಕೆ ಎಣಿಸಿದರೆ ಹಾಲು ಬತ್ತಿಸುವ, ಕರು ಹಾಕುವ ದಿನ. ಮೊದಲ ಎರಡು ತಿಂಗಳಲ್ಲಿ ಭ್ರೂಣದ ಗಾತ್ರ ತಳಿಯಿಂದ ತಳಿಗೆ ಹೆಚ್ಚು ಬದಲಾಗದ ಕಾರಣ ದೊಡ್ಡ ಹಸುಗಳಿಗೆ ಮಾಡಿದ ಕೋಷ್ಟಕ ಆ ಅವಧಿಯಲ್ಲಿ ಗಿಡ್ಡಕ್ಕೂ ಸಲ್ಲುತ್ತದೆ. ಅನಂತರ ಗಿಡ್ಡದ ಕರು ತನ್ನ ಜಾತಿಯ ಅಳತೆಗೆ ಹೊರಳುವುದರಿಂದ ಅದಕ್ಕೆ ತನ್ನದೇ ಕೋಷ್ಟಕ ಬೇಕಾಗುತ್ತದೆ. ಇಕ್ಕಟ್ಟಾದ ಶ್ರೋಣಿಗೆ ಕೈಯ ಬದಲು ಸಣ್ಣ ಶೋಧಕವನ್ನು ಗಟ್ಟಿ ದಂಡಕ್ಕೆ ಜೋಡಿಸಿ ಒಳಗೆ ಬಿಡುವ, ಕುರಿ ಮೇಕೆಗಳಲ್ಲಿ ರೂಢಿಯಾದ ಕ್ರಮವೇ ಈ ತಳಿಯ ಕಡಸುಗಳಿಗೂ ಹೊಂದುತ್ತದೆ.