ರೂಲ್ಸ್ ಬುಕ್ಕಿನ ಸಂದಿಯಲ್ಲಿ ನುಗ್ಗಿದ ಆಸಾಮಿ

'ಬ್ಯಾಕ್ ಟು ದ ಫ್ಯೂಚರ್' ನೋಡಿದವರಿಗೆಲ್ಲ ಆ ಕಾರು ಗೊತ್ತು. ಬಣ್ಣವೇ ಬಳಿಯದ ಸ್ಟೀಲ್ ಮೈ, ರೆಕ್ಕೆ ಬಿಚ್ಚಿದ ಹಾಗೆ ಮೇಲಕ್ಕೆ ತೆರೆದುಕೊಳ್ಳುವ ಬಾಗಿಲು. 1985ರಲ್ಲಿ ಸಿನಿಮಾ ಬಿಡುಗಡೆಯಾಗುವ ಹೊತ್ತಿಗೆ ಅದನ್ನು ಮಾಡಿದ ಕಂಪನಿ ಮುಚ್ಚಿಹೋಗಿತ್ತು. ಅದರ ಧಣಿ ಜಾನ್ ಡಿಲೋರಿಯನ್ ಕೊಕೇನ್ ಕೇಸಿನಿಂದ ಬಿಡಿಸಿಕೊಂಡು ಇನ್ನೂ ಒಂದು ವರ್ಷ ಆಗಿರಲಿಲ್ಲ. ಆದ್ರೆ ನನ್ನ ಪ್ರಕಾರ ಈತ ಎಂಥವನು ಅಂತ ತಿಳಿಯೋಕೆ ನೋಡಬೇಕಾದ್ದು ಬೇರೆ ಕಾರನ್ನ.

ಹುಟ್ಟಿದ್ದು 1925ರಲ್ಲಿ, ಡೆಟ್ರಾಯಿಟ್‌ನಲ್ಲಿ. ಅಪ್ಪ ರೊಮೇನಿಯಾದಿಂದ ವಲಸೆ ಬಂದು ಫೋರ್ಡ್ ಕಂಪನಿಯ ಫೌಂಡ್ರಿಯಲ್ಲಿ ದುಡಿದವನು. ಮಗ ಎಂಜಿನಿಯರಿಂಗ್ ಓದಿ, ಕ್ರೈಸ್ಲರ್, ಪ್ಯಾಕರ್ಡ್ ಸುತ್ತಿ, 1956ರಲ್ಲಿ ಜನರಲ್ ಮೋಟರ್ಸ್‌ನ ಪಾಂಟಿಯಾಕ್ ವಿಭಾಗ ಸೇರಿದ. ಆಗ ಪಾಂಟಿಯಾಕ್ ಅಂದ್ರೆ ರಿಟೈರ್ಡ್ ಅಂಕಲ್‌ಗಳ ಗಾಡಿ.

ಜಿಎಂನಲ್ಲಿ ಒಂದು ನಿಯಮವಿತ್ತು: ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚು, ಅಂದ್ರೆ ಸುಮಾರು 5.4 ಲೀಟರ್‌ಗಿಂತ ದೊಡ್ಡ ಎಂಜಿನ್ ಕೂರಿಸಬಾರದು. ಡಿಲೋರಿಯನ್ ಮತ್ತವನ ತಂಡದ ಕೈಯಲ್ಲಿ 389 ಇಂಚಿನ ಎಂಜಿನ್ ಇತ್ತು, ಟೆಂಪೆಸ್ಟ್ ಅನ್ನೋ ಪುಟ್ಟ ಹಗುರ ಕಾರಿತ್ತು. ಒಂದು ಇನ್ನೊಂದರೊಳಗೆ ಸರಿಯಾಗಿ ಕೂರುತ್ತಿತ್ತು ಕೂಡ. ಹೊಸ ಮಾಡೆಲ್ ತರಬೇಕಾದ್ರೆ ಮೇಲಿನವರ ಸಹಿ ಬೇಕು. ಆದ್ರೆ ಇರೋ ಮಾಡೆಲ್‌ಗೆ ಒಂದು ಹೆಚ್ಚುವರಿ 'ಆಪ್ಷನ್' ಕೊಡೋಕೆ? ನಿಯಮ ಅದರ ಬಗ್ಗೆ ಸುಮ್ಮನಿತ್ತು. ಸರಿ, ದೊಡ್ಡ ಎಂಜಿನ್ನನ್ನೇ ಆಪ್ಷನ್ ಮಾಡಿಬಿಟ್ಟರು. ಫೆರಾರಿಯ ಹೆಸರನ್ನೇ ಎತ್ತಿಕೊಂಡು ಜಿಟಿಒ ಅಂತ ಕರೆದರು. 5,000 ಹೋದ್ರೆ ಹೆಚ್ಚು ಅಂದುಕೊಂಡಿದ್ದು 1964ರ ಮಾಡೆಲ್ ವರ್ಷದಲ್ಲಿ 32,450 ಮಾರಾಟವಾಯ್ತು. ಅಮೆರಿಕದ 'ಮಸಲ್ ಕಾರ್' ಹುಚ್ಚು ಶುರುವಾಗಿದ್ದೇ ಇದರಿಂದ ಅಂತ ಅನೇಕರು ಹೇಳ್ತಾರೆ.

ಅಷ್ಟು ಕಾರು ಮಾರಿದವನನ್ನು ಯಾರು ಬೈತಾರೆ ಹೇಳಿ? 40ಕ್ಕೆ ಪಾಂಟಿಯಾಕ್ ಮುಖ್ಯಸ್ಥ, 1969ರಲ್ಲಿ ಶೆವ್ರೊಲೆ ಮುಖ್ಯಸ್ಥ, 1972ರಲ್ಲಿ ಕಾರು-ಟ್ರಕ್ ವಿಭಾಗಗಳೆಲ್ಲದರ ಮೇಲ್ವಿಚಾರಕ. ಬೂದು ಸೂಟಿನ ಬಾಸುಗಳ ನಡುವೆ ಉದ್ದ ಕೂದಲು, ಸಿನಿಮಾ ಮಂದಿಯ ಸ್ನೇಹ. 1973ರಲ್ಲಿ ಅಷ್ಟು ದೊಡ್ಡ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಬಿದ್ದ.

ಸ್ವಂತ ಕಂಪನಿ ಶುರುವಾಗಿದ್ದು 1975ರಲ್ಲಿ. ಫ್ಯಾಕ್ಟರಿಗೆ ದುಡ್ಡು ಕೊಡೋರನ್ನು ಹುಡುಕಿ ಹುಡುಕಿ ಸಿಕ್ಕಿದ್ದು ಬ್ರಿಟಿಷ್ ಸರ್ಕಾರ, ಜಾಗ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಅಂಚಿನ ಡನ್‌ಮರಿ. ಬಾಂಬು, ಗುಂಡು, ನಿರುದ್ಯೋಗ ಬಿಟ್ಟರೆ ಬೇರೇನೂ ಸುದ್ದಿಯಾಗದ ಊರದು. ಬೇರೆ ಉದ್ಯಮಿಗಳು ಓಡಿಹೋಗುತ್ತಿದ್ದ ಕಡೆ ಈತ ಬರ್ತೀನಿ ಅಂದ. ಸರ್ಕಾರಕ್ಕೂ ಅದೇ ಬೇಕಿತ್ತು.

1978ರಲ್ಲಿ ಬರೀ ಹುಲ್ಲುಗಾವಲು, 1981ರ ಆರಂಭದಲ್ಲಿ ಕಾರುಗಳು ಹೊರಬರುತ್ತಿದ್ದವು. 2,500ಕ್ಕೂ ಹೆಚ್ಚು ಜನಕ್ಕೆ ಕೆಲಸ. ಎಷ್ಟೋ ಮಂದಿಗೆ ಅದು ಜೀವನದ ಮೊದಲ ನೌಕರಿ. ಕ್ಯಾಥೊಲಿಕ್ಕರು, ಪ್ರೊಟೆಸ್ಟೆಂಟರು ಒಂದೇ ಲೈನಿನಲ್ಲಿ ನಿಂತು ಬೋಲ್ಟ್ ಬಿಗಿದರು. ಉಪವಾಸ ಮಾಡಿ ಜೈಲಿನಲ್ಲೇ ಸತ್ತ ಬಾಬಿ ಸ್ಯಾಂಡ್ಸ್‌ನ ಕುಟುಂಬವಿದ್ದ ಟ್ವಿನ್‌ಬ್ರೂಕ್ ಬಡಾವಣೆ ಫ್ಯಾಕ್ಟರಿಯ ಪಕ್ಕದಲ್ಲೇ ಇತ್ತು. ಆ ವರ್ಷ ಆ ಜಾಗದಲ್ಲಿ ಹೀಗೆ ಒಟ್ಟಿಗೆ ಕೆಲಸ ಮಾಡೋದು ಸಣ್ಣ ಮಾತಲ್ಲ.

ಕಾರು? ನೋಡೋಕೆ ಚೆಂದ. ವಿನ್ಯಾಸ ಜುಜಾರೊನದು, ಎಂಜಿನಿಯರಿಂಗ್ ಲೋಟಸ್ ಕಂಪನಿಯದು. ಹಿಂಭಾಗದಲ್ಲಿ ಕೂತ ವಿ6 ಎಂಜಿನ್ ಅಮೆರಿಕದ ಮಾಡೆಲ್‌ನಲ್ಲಿ ಕೊಡ್ತಿದ್ದದ್ದು ಬರೀ 130 ಅಶ್ವಶಕ್ತಿ. ಬೆಲೆ ಮಾತ್ರ 25,000 ಡಾಲರ್. ಅದಕ್ಕಿಂತ ತುಂಬಾ ಕಡಿಮೆಗೆ ಕಾರ್ವೆಟ್ ಬರ್ತಿತ್ತು. ಅಮೆರಿಕದಲ್ಲಿ ಆರ್ಥಿಕ ಹಿಂಜರಿತ, ಡೀಲರುಗಳ ಹತ್ರ ಕಾರು ಕೊಳೀತಾ ಇದೆ, ಈತ ಉತ್ಪಾದನೆ ದುಪ್ಪಟ್ಟು ಮಾಡಿಸಿದ! ಫಂಡಿಂಗ್ ಬಂದಿದೆ ಅಂತ ಹೈರಿಂಗ್ ಮಾಡಿ, ಆರು ತಿಂಗಳಿಗೆ ಎಲ್ಲರಿಗೂ ಇಮೇಲ್ ಕಳಿಸೋ ಕಂಪನಿಗಳನ್ನು ಕಂಡವರಿಗೆ ಮುಂದಿನದು ಬಿಡಿಸಿ ಹೇಳಬೇಕಿಲ್ಲ. ಥ್ಯಾಚರ್ ಸರ್ಕಾರ ಇನ್ನು ದುಡ್ಡಿಲ್ಲ ಅಂದಿತು. 1982ರ ಫೆಬ್ರವರಿಯಲ್ಲಿ ಕಂಪನಿ ರಿಸೀವರ್‌ಗಳ ಕೈಗೆ ಹೋಯ್ತು. ಒಟ್ಟಾರೆ ತಯಾರಾದದ್ದು ಸುಮಾರು 9,000 ಕಾರು.

ಅದೇ ಅಕ್ಟೋಬರ್ 19ರಂದು ಲಾಸ್ ಏಂಜಲೀಸ್‌ನ ಹೋಟೆಲಿನಲ್ಲಿ ಎಫ್‌ಬಿಐ ಆತನನ್ನು ಕೊಕೇನ್ ವ್ಯವಹಾರದ ಆರೋಪದಲ್ಲಿ ಹಿಡಿಯಿತು. ಫ್ಯಾಕ್ಟರಿ ಶಾಶ್ವತವಾಗಿ ಮುಚ್ಚುತ್ತೆ ಅಂತ ಬೆಲ್‌ಫಾಸ್ಟ್ ಜನಕ್ಕೆ ಗೊತ್ತಾಗಿದ್ದೂ ಅದೇ ದಿನ. ವಿಡಿಯೋ ಸಾಕ್ಷಿಯೇ ಇತ್ತು. ಆದರೂ ಪೊಲೀಸರೇ ಬಲೆ ಹೆಣೆದು ಬೀಳಿಸಿದ್ದು ಅನ್ನೋ ವಾದ ಗೆದ್ದು, 1984ರ ಆಗಸ್ಟ್‌ನಲ್ಲಿ ಬಿಡುಗಡೆಯಾದ.

ಎಲ್ಲರೂ ಕೊಕೇನ್ ಕಥೆಯನ್ನೇ ಹೇಳ್ತಾರೆ. ನನಗೆ ಹೆಚ್ಚು ಸಿಟ್ಟು ಬರಿಸೋದು ಇನ್ನೊಂದು. ಲೋಟಸ್‌ಗೆ ಹೋಗಬೇಕಿದ್ದ ಹಣದಲ್ಲಿ ಸುಮಾರು 1.76 ಕೋಟಿ ಡಾಲರ್, ಪನಾಮಾದಲ್ಲಿ ನೋಂದಾಯಿಸಿದ್ದ ಜಿಪಿಡಿ ಅನ್ನೋ ಕಂಪನಿಯ ಮೂಲಕ ಹಾದು ಮಾಯವಾಯ್ತು. ಜನರ ತೆರಿಗೆ ದುಡ್ಡೂ ಅದರಲ್ಲಿತ್ತು. ಲೋಟಸ್‌ನ ಯಜಮಾನ ಕಾಲಿನ್ ಚಾಪ್ಮನ್ 1982ರಲ್ಲೇ ತೀರಿಕೊಂಡಿದ್ದ. ಕೊನೆಗೆ 1992ರಲ್ಲಿ ಮೂರು ವರ್ಷ ಜೈಲು ಶಿಕ್ಷೆಗೆ ಗುರಿಯಾದವನು ಲೋಟಸ್‌ನ ಹಣಕಾಸು ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಶೆಲ್. ಡಿಲೋರಿಯನ್ ಅಮೆರಿಕದಲ್ಲಿ ನಡೆದ ವಂಚನೆ ವಿಚಾರಣೆಯಲ್ಲೂ ಖುಲಾಸೆಯಾದ, ಬ್ರಿಟನ್ ನ್ಯಾಯಾಲಯದ ಕಟಕಟೆಗೆ ಬರಲೇ ಇಲ್ಲ. 1999ರಲ್ಲಿ ದಿವಾಳಿ, 2005ರಲ್ಲಿ ಸಾವು.

ಡನ್‌ಮರಿಯ ಯಂತ್ರಗಳನ್ನು ಹರಾಜು ಹಾಕಿದರು. ಕಾರಿನ ಸ್ಟೀಲ್ ಮೈ ಒತ್ತಿ ತೆಗೆಯುತ್ತಿದ್ದ ಭಾರದ ಅಚ್ಚುಗಳಲ್ಲಿ ಕೆಲವನ್ನು ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೆಯ ಮೀನು ಸಾಕಣೆಯವರು ಕೊಂಡುಕೊಂಡು, ಬಲೆಗಳಿಗೆ ಲಂಗರು ಮಾಡಿ ಕಡಲಿಗೆ ಇಳಿಬಿಟ್ಟರು.