ಆನೆಗೊಂದಿ ಹೊಳೆದಂಡೆ: ಪ್ರವಾಸದ ಇತಿಹಾಸ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ಹಂಪಿಗೆ ಎದುರಾಗಿ ತುಂಗಭದ್ರೆಯ ಎಡದಂಡೆಯಲ್ಲಿ ಹಬ್ಬಿರುವ ಸೀಮೆ. ಆನೆಗೊಂದಿ, ಸಾಣಾಪುರ, ವಿರೂಪಾಪುರ ಗಡ್ಡೆ ಇದರ ಮುಖ್ಯ ತಾಣಗಳು. ಹರಗೋಲು ವಿಹಾರ, ಬಂಡೆ ಹತ್ತುವಿಕೆ, ಕಾಲುದಾರಿಗಳಿಂದ ಈಚೆಗೆ ಹೆಸರಾಗಿದ್ದರೂ ಇಲ್ಲಿನ ಪ್ರಯಾಣದ ಕಥೆ ಬಹಳ ಹಿಂದಿನದು. ಅದು ಹೊಳೆ ದಾಟುವವರ ಕಥೆ.

1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ದಾಟಿಸುವ ಬುಟ್ಟಿಯಾಕಾರದ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಒಂದೊಂದರಲ್ಲಿ ಹದಿನೈದಿಪ್ಪತ್ತು ಜನ. ಹುಟ್ಟು ಹಾಕಿದಂತೆಲ್ಲ ದೋಣಿ ಗಿರಗಿರನೆ ತಿರುಗುತ್ತಲೇ ಸಾಗುತ್ತದೆ ಎಂದು ಅವನು ಬರೆದಿದ್ದಾನೆ. ತೊಗಲಿನ ಬದಲು ಈಗ ಡಾಂಬರು ಮೆತ್ತಿದ ಹೊದಿಕೆ ಬಂದಿದೆ. ತಿರುಗುವುದು ಮಾತ್ರ ಹಾಗೆಯೇ ಇದೆ. ಐದು ಶತಮಾನದ ಹಿಂದಿನ ಬರಹವನ್ನು ಇಂದಿನ ಅಂಬಿಗನ ಕೈಯಲ್ಲಿ ಕಾಣಬಹುದಾದ ಇಂಥ ಜಾಗಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಹರಗೋಲು ಎಂಬ ಈ ಬುಟ್ಟಿದೋಣಿಯನ್ನು ಬದುಕಿಸಿದವರು ಯಾತ್ರಿಕರು. ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಿರುವ ನವವೃಂದಾವನ ಹೊಳೆಯ ನಡುಗಡ್ಡೆಯಲ್ಲಿದೆ. 1539ರಲ್ಲಿ ತೀರಿಕೊಂಡ ವ್ಯಾಸರಾಯರ ವೃಂದಾವನವೂ ಅಲ್ಲಿಯೇ. ಹನುಮಂತನ ಜನ್ಮಸ್ಥಳವೆಂದು ಭಕ್ತರು ನಂಬುವ ಅಂಜನಾದ್ರಿ, ಪಂಪಾಸರೋವರ, ಚಿಂತಾಮಣಿ ದೇಗುಲ ಇವುಗಳನ್ನು ಬೆಸೆಯುವ ದಾರಿಗಳೂ ಯಾತ್ರಿಕರು ತುಳಿದು ಮಾಡಿದವೇ. ಇಂದಿನ ಚಾರಣಿಗರು ನಡೆಯುವುದು ಬಹುಪಾಲು ಅದೇ ಹೆಜ್ಜೆಗಳಲ್ಲಿ.

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಹರಿಯತೊಡಗಿ, ಎಡದಂಡೆ ಕಾಲುವೆಯಿಂದ ಈ ಭಾಗ ಭತ್ತದ ನಾಡಾಯಿತು. ಆ ಕಾಲುವೆಯ ನೀರು ನಿಲ್ಲುವ ಸಾಣಾಪುರದ ಕೆರೆ ಈಗ ಪ್ರವಾಸಿಗರ ಅಚ್ಚುಮೆಚ್ಚಿನ ತಾಣ. ಬಂಡೆಯ ಮೇಲಿಂದ ನೀರಿಗೆ ಹಾರಿದ ಕೆಲವರು ಇಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ; ಅಂಬಿಗರ ಎಚ್ಚರಿಕೆಯನ್ನು ಹಗುರವಾಗಿ ಎಣಿಸಬಾರದು.

1986ರಲ್ಲಿ ಹಂಪಿ ವಿಶ್ವಪರಂಪರೆಯ ಪಟ್ಟಿ ಸೇರಿತು. ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆಯ ವಿವಾದದಿಂದ 1999ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿ, 2006ರಲ್ಲಿ ಹೊರಬಂತು. ಸೇತುವೆಯಂತೂ ಮುಗಿಯುವ ಮೊದಲೇ, 2009ರ ಜನವರಿಯಲ್ಲಿ ಕುಸಿದು ಕೆಲಸಗಾರರನ್ನು ಬಲಿ ತೆಗೆದುಕೊಂಡಿತು. ಈ ನಡುವೆ ವಿರೂಪಾಪುರ ಗಡ್ಡೆಯಲ್ಲಿ ವಿದೇಶಿಯರಿಗಾಗಿ ವಸತಿಗೃಹಗಳು ಎದ್ದಿದ್ದವು. 2003ರ ‘ಪಿಲ್ಗ್ರಿಮೇಜ್’ ಚಿತ್ರ ಇಲ್ಲಿನ ಬಂಡೆಗಳನ್ನು ಜಗತ್ತಿನ ಆರೋಹಿಗಳಿಗೆ ಪರಿಚಯಿಸಿತು. ಗಡ್ಡೆಯ ವಸತಿಗೃಹಗಳು ಅಕ್ರಮವೆಂಬ ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಲ್ಲೇ 2020ರ ಮಾರ್ಚ್‌ನಲ್ಲಿ ಅವುಗಳನ್ನು ಕೆಡವಲಾಯಿತು.

2015ರಲ್ಲಿ ಹೊಳೆಯ ಈ ಹರಹನ್ನು ನೀರುನಾಯಿಗಳ ಸಂರಕ್ಷಣಾ ಮೀಸಲೆಂದು ಘೋಷಿಸಲಾಗಿದೆ. ಬುಕ್ಕಸಾಗರ–ಕಡೆಬಾಗಿಲು ಸೇತುವೆ ಬಂದ ಮೇಲೆ ದಾಟಲು ಹರಗೋಲು ಅನಿವಾರ್ಯವಲ್ಲ. ಆದರೂ ನವವೃಂದಾವನಕ್ಕೆ ಹೋಗುವವರು ಈಗಲೂ ದಂಡೆಯಲ್ಲಿ ಅಂಬಿಗನಿಗಾಗಿ ಕಾಯುತ್ತಾರೆ.